ವಿಮಾನಯಾನವೂ ಪರರ ಕಿವಿಯೂ

ಯಂತ್ರಶಾಸ್ತ್ರಜ್ಞರು ಒಂದು ಸೌಕರ್ಯವನ್ನು ಸಾಧ್ಯವೆಂದು ತೋರಿಸಿಕೊಟ್ಟ ಮೇಲೆ, ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂದು ತೀರ್ಮಾನಿಸುವ ಹೊಣೆ ಸಾಮಾನ್ಯ ಜನರದಾಗುತ್ತದೆ. ಆ ಹೊಣೆಯನ್ನು ನಾವು ಬಹುಮಟ್ಟಿಗೆ ಮುಂದೂಡುತ್ತೇವೆ. ಸೌಕರ್ಯ ಅಭ್ಯಾಸವಾಗಿ, ಅಭ್ಯಾಸ ಹಕ್ಕಾಗಿ ಬಲಿತ ಮೇಲೆ ಎಚ್ಚತ್ತು ಗೊಣಗುತ್ತೇವೆ. ಹಾರುವ ವಿಮಾನದಲ್ಲಿ ಕುಳಿತು ಪ್ರಯಾಣಿಕನು ಟೆಲಿಫೋನಿನಲ್ಲಿ ಮಾತನಾಡಬಹುದೇ ಎಂಬ ಪ್ರಶ್ನೆ ಈಗ ಅಂಥದೊಂದು ಘಟ್ಟಕ್ಕೆ ಬಂದು ನಿಂತಿದೆ. ನಮ್ಮ ದೇಶದಲ್ಲಿ ಅದಿನ್ನೂ ಅಭ್ಯಾಸವಾಗಿಲ್ಲ, ಆದರೆ ಸಾಧ್ಯವಾಗಿದೆ. 2025ರ ಜನವರಿ 1ರಿಂದ ಏರ್ ಇಂಡಿಯಾ ಸಂಸ್ಥೆಯು ದೇಶದೊಳಗೆ ಸಂಚರಿಸುವ ತನ್ನ ಕೆಲವು ವಿಮಾನಗಳಲ್ಲಿ ವೈ-ಫೈ ಸಂಪರ್ಕವನ್ನು ಒದಗಿಸತೊಡಗಿತು. ಹತ್ತು ಸಾವಿರ ಮೀಟರ್ ಎತ್ತರದಲ್ಲಿ ಕುಳಿತವನು ಸಂದೇಶ ಬರೆಯಬಲ್ಲನಾದರೆ, ಪತ್ರಿಕೆ ಓದಬಲ್ಲನಾದರೆ, ಅದೇ ದಾರಿಯಲ್ಲಿ ದನಿಯನ್ನು ಕಳುಹಿಸುವುದು ಇನ್ನೊಂದು ಹೆಜ್ಜೆ ಮಾತ್ರ. ಆ ಹೆಜ್ಜೆಯನ್ನು ಇಡುವ ಮುನ್ನ ಯೋಚಿಸುವುದು ಮೇಲು. ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ: ಅದು ಕೂಡದು. ಆದರೆ ಹಾಗೆನ್ನುವುದಕ್ಕೆ ಜನ ಸಾಮಾನ್ಯವಾಗಿ ಕೊಡುವ ಕಾರಣ ನನ್ನದಲ್ಲ. ಆ ನಿಷೇಧಕ್ಕೆ ಒಂದು ಬಾಗಿಲೂ ಇರಬೇಕೆಂಬುದು ನನ್ನ ಮತ.

ಸಾಮಾನ್ಯವಾಗಿ ಕೊಡುವ ಕಾರಣ ಅಪಾಯದ್ದು. ಫೋನಿನ ತರಂಗಗಳು ವಿಮಾನದ ಉಪಕರಣಗಳನ್ನು ದಾರಿ ತಪ್ಪಿಸುತ್ತವೆ ಎಂಬ ಭಯ ಬಹುಜನರಲ್ಲಿದೆ. ಆ ಶಂಕೆಗೆ ಸ್ವಲ್ಪ ಆಧಾರವಿಲ್ಲದಿಲ್ಲ. ಇಳಿಯುವ ವೇಳೆಯಲ್ಲಿ ಪರಿಚಾರಕರು ಹೇಳಿದಂತೆ ಕೇಳುವುದೇ ವಿವೇಕ. ಆದರೆ 1991ರಲ್ಲಿ ಅಮೆರಿಕದ ಫೆಡರಲ್ ಸಂಪರ್ಕ ಆಯೋಗವು ಹಾರುವ ವಿಮಾನದಲ್ಲಿ ಮೊಬೈಲ್ ಫೋನನ್ನು ನಿಷೇಧಿಸಿದಾಗ ಅದರ ಮುಖ್ಯ ಚಿಂತೆ ಇದ್ದುದು ನೆಲದ ಮೇಲಿನ ದೂರವಾಣಿ ಜಾಲದ ವಿಷಯದಲ್ಲಿ. ನೆಲದ ಮೇಲೆ ನಡೆಯುವವನ ಫೋನಿಗೆ ಹತ್ತಿರದ ಕೆಲವೇ ಗೋಪುರಗಳು ಸಿಕ್ಕುತ್ತವೆ. ಆಕಾಶದಲ್ಲಿರುವವನ ಫೋನಿಗೆ, ಬೆಟ್ಟದ ತುದಿಯಲ್ಲಿ ನಿಂತವನಿಗೆ ಹತ್ತಾರು ಊರು ಕಾಣುವಂತೆ, ಅನೇಕ ಗೋಪುರಗಳು ಏಕಕಾಲಕ್ಕೆ ಸಿಕ್ಕಿ, ನೆಲದವರ ಮಾತಿಗೆ ಅಡ್ಡಿಯಾಗುತ್ತದೆ. ಈ ತೊಡಕಿಗೆ ಈಚೆಗೆ ಪರಿಹಾರ ದೊರೆತಿದೆ. ವಿಮಾನದೊಳಗೇ ಒಂದು ಪುಟ್ಟ ಕೇಂದ್ರವನ್ನಿಟ್ಟರೆ, ಪ್ರಯಾಣಿಕರ ಫೋನುಗಳು ಅತ್ಯಲ್ಪ ಶಕ್ತಿಯಿಂದ ಅದರೊಡನೆ ಮಾತಾಡುತ್ತವೆ. ಅದು ಉಪಗ್ರಹದ ಮೂಲಕ ನೆಲಕ್ಕೆ ಸುದ್ದಿ ಮುಟ್ಟಿಸುತ್ತದೆ. ಆದ್ದರಿಂದ ಅಪಾಯದ ವಾದವನ್ನೇ ನೆಚ್ಚಿಕೊಂಡು ಕುಳಿತವರು, ಎಂಜಿನಿಯರು ಬಂದು ‘ಅಪಾಯ ಕಳೆಯಿತು’ ಎಂದ ದಿನ ಬಾಯಿ ಮುಚ್ಚಬೇಕಾಗುತ್ತದೆ. ನನ್ನ ವಾದಕ್ಕೆ ಆ ಭಯವಿಲ್ಲ.

ಈ ವಿಷಯದ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ವಿಮಾನದಿಂದ ಮಾತನಾಡುವುದು ಹೊಸ ಸಂಗತಿಯೇನೂ ಅಲ್ಲ. 1984ರಲ್ಲಿಯೇ ಅಮೆರಿಕದಲ್ಲಿ ‘ಏರ್‌ಫೋನ್’ ಎಂಬ ಸೇವೆ ಆರಂಭವಾಗಿತ್ತು. ಮುಂದೆ ಆಸನಗಳ ಬೆನ್ನಿಗೇ ಟೆಲಿಫೋನುಗಳು ಬಂದವು. ಕೇಳುವವರು ಕಡಿಮೆಯಾಗಿ 2006ರಲ್ಲಿ ಆ ಸೇವೆ ನಿಂತಿತು. 2008ರ ಮಾರ್ಚ್ 20ರಂದು ದುಬೈಯಿಂದ ಕಾಸಾಬ್ಲಾಂಕಾಕ್ಕೆ ಹೋಗುತ್ತಿದ್ದ ಎಮಿರೇಟ್ಸ್ ವಿಮಾನದಲ್ಲಿ ಪ್ರಯಾಣಿಕರಿಗೆ ತಮ್ಮ ಸ್ವಂತ ಮೊಬೈಲಿನಿಂದ ಮಾತಾಡುವ ಅನುಕೂಲ ಒದಗಿತು. 2013ರ ಡಿಸೆಂಬರಿನಲ್ಲಿ ಅಮೆರಿಕದ ಅದೇ ಆಯೋಗ ತನ್ನ ಹಳೆಯ ನಿಷೇಧವನ್ನು ಸಡಿಲಿಸುವ ಪ್ರಸ್ತಾಪವನ್ನು ಮುಂದಿಟ್ಟಿತು. ವಿಮಾನ ಪರಿಚಾರಕರ ಸಂಘವೂ ಪ್ರಯಾಣಿಕರಲ್ಲಿ ಅನೇಕರೂ ಅದನ್ನು ವಿರೋಧಿಸಿದರು. 2018ರ ಅಕ್ಟೋಬರಿನಲ್ಲಿ ಅಲ್ಲಿಯ ಶಾಸನಸಭೆ, ಹಾರುವ ವಿಮಾನದಲ್ಲಿ ಪ್ರಯಾಣಿಕರು ಮೊಬೈಲಿನಲ್ಲಿ ಮಾತನಾಡುವುದನ್ನು ತಡೆಯುವ ನಿಯಮಗಳನ್ನು ಹೊರಡಿಸತಕ್ಕದ್ದೆಂದು ಸಾರಿಗೆ ಇಲಾಖೆಗೆ ವಿಧಿಸಿತು. 2020ರಲ್ಲಿ ಆಯೋಗ ತನ್ನ ಪ್ರಸ್ತಾಪವನ್ನೇ ಕೈಬಿಟ್ಟಿತು.

ಅದೇ 2018ನೆಯ ಇಸವಿಯಲ್ಲಿ ನಮ್ಮ ದೇಶ ಎದುರು ದಿಕ್ಕಿಗೆ ನಡೆಯಿತೆಂಬುದು ಸ್ವಾರಸ್ಯದ ಸಂಗತಿ. ಆ ವರ್ಷದ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಶಿಫಾರಸು ಮಾಡಿತು; ಡಿಸೆಂಬರಿನಲ್ಲಿ ಸರ್ಕಾರ ವಿಮಾನ ಮತ್ತು ನೌಕಾ ಸಂಪರ್ಕದ ನಿಯಮಗಳನ್ನು ಪ್ರಕಟಿಸಿತು. ಭಾರತದ ಆಕಾಶದಲ್ಲಿ 3000 ಮೀಟರಿಗಿಂತ ಮೇಲೆ ಹಾರುವ ವಿಮಾನದಲ್ಲಿ ಅಂತರ್ಜಾಲಕ್ಕೂ ಮಾತಿಗೂ, ಎರಡಕ್ಕೂ, ಆ ನಿಯಮಗಳು ಎಡೆ ಮಾಡಿಕೊಟ್ಟವು. ಮಾತು ಬೇಡವೆಂದು ನಮ್ಮಲ್ಲಿ ಯಾರೂ ವಿಶೇಷವಾಗಿ ವಾದಿಸಿದಂತೆ ನನಗೆ ನೆನಪಿಲ್ಲ. ಎರಡೂ ಪ್ರಜಾಪ್ರಭುತ್ವಗಳೇ, ಒಂದೇ ಯಂತ್ರ, ಒಂದೇ ವರ್ಷ. ಅಲ್ಲಿ ಕೂಡದೆಂದರು, ಇಲ್ಲಿ ಆಗಬಹುದೆಂದರು. ಪ್ರಶ್ನೆ ಯಂತ್ರದ್ದಲ್ಲ, ನಡವಳಿಕೆಯದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮಾತು ಬೇಕೆನ್ನುವವರ ಪಕ್ಷವನ್ನು ನ್ಯಾಯವಾಗಿ ಕೇಳಬೇಕು. ಅವರು ನಾಲ್ಕು ಮಾತು ಹೇಳುತ್ತಾರೆ. ಪಕ್ಕದವನೊಡನೆ ಗಂಟೆಗಟ್ಟಲೆ ಹರಟಲು ಅಡ್ಡಿಯಿಲ್ಲದಿರುವಾಗ, ಅದೇ ದನಿಯಲ್ಲಿ ದೂರದವನೊಡನೆ ಮಾತಾಡಲು ಅಡ್ಡಿಯೇಕೆ ಎಂಬುದು ಮೊದಲನೆಯದು. ಇದಕ್ಕೆ ಅವಕಾಶ ಕೊಟ್ಟಿರುವ ವಿದೇಶೀ ವಿಮಾನಗಳಲ್ಲಿ ಗದ್ದಲವೇನೂ ಆಗಿಲ್ಲವಲ್ಲ ಎಂಬುದು ಎರಡನೆಯದು. ಮೌನ ಪಾಶ್ಚಾತ್ಯರ ಮರ್ಯಾದೆ, ನಮ್ಮದು ಮಾತಿನ ನಾಡು, ಅವರ ಕಟ್ಟಳೆ ನಮಗೇಕೆ ಎಂಬುದು ಮೂರನೆಯದು. ಸಾವುನೋವಿನ ಹೊತ್ತಿನಲ್ಲಿ ಒಂದು ಮಾತು ಕೇಳಬೇಕೆಂಬ ಮನುಷ್ಯನಿಗೆ ನೀವು ಏನು ಹೇಳುತ್ತೀರಿ ಎಂಬುದು ನಾಲ್ಕನೆಯದು. ಮೊದಲ ಮೂರಕ್ಕೆ ನನ್ನಲ್ಲಿ ಉತ್ತರವಿದೆ. ನಾಲ್ಕನೆಯದಕ್ಕೆ ಉತ್ತರ ಕೊಡುವುದಕ್ಕಿಂತ ಜಾಗ ಕೊಡುವುದು ನ್ಯಾಯ.

ಪಕ್ಕದವರ ಹರಟೆಗೂ ಫೋನಿನ ಮಾತಿಗೂ ವ್ಯತ್ಯಾಸವಿಲ್ಲವೆನ್ನುವವರು ತಾಳಮದ್ದಳೆಯನ್ನು ನೆನೆಯಲಿ. ಕೃಷ್ಣಸಂಧಾನದ ಪ್ರಸಂಗ ನಡೆಯುತ್ತಿದೆಯೆನ್ನಿ. ಕೃಷ್ಣನ ಅರ್ಥ ಹೇಳುವವರ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ; ಕೌರವನ ಉತ್ತರ ಮಾತ್ರ ಒಂದಕ್ಷರವೂ ಕೇಳಿಸುವುದಿಲ್ಲ. ಕೃಷ್ಣ ನಗುತ್ತಾನೆ, ಏಕೆ ನಕ್ಕನೋ ತಿಳಿಯದು. ‘ಹಾಗಾದರೆ ಅದೂ ಆಗಲಿ’ ಎನ್ನುತ್ತಾನೆ; ಯಾವುದು ಆಗಲಿ? ನಾವು ಬೇಡವೆಂದರೂ ನಮ್ಮ ಮನಸ್ಸು ಆ ಕಾಣದ ಕೌರವನ ಮಾತನ್ನು ಕಟ್ಟತೊಡಗುತ್ತದೆ. ಎರಡೂ ಕಡೆಯ ಮಾತು ಕೇಳಿಸಿದರೆ ಆಲಿಸಬಹುದು, ಇಲ್ಲವೆ ಅದನ್ನು ಮಳೆಯ ಸದ್ದಿನಂತೆ ಹಿಂದಕ್ಕೆ ಸರಿಸಿ ನಿದ್ದೆ ಮಾಡಬಹುದು. ಅರ್ಧ ಮಾತು ನಮ್ಮನ್ನು ಬಿಡುವುದಿಲ್ಲ. 2010ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಲಾರೆನ್ ಎಂಬರ್ಸನ್ ಮತ್ತು ಅವರ ಸಂಗಡಿಗರು ಈ ಅನುಭವವನ್ನೇ ಪರೀಕ್ಷೆಗೆ ಒಳಪಡಿಸಿದರು. ಗಮನ ಬೇಡುವ ಕೆಲಸದಲ್ಲಿ ತೊಡಗಿದ್ದವರಿಗೆ ಇಬ್ಬರ ಪೂರ್ಣ ಸಂಭಾಷಣೆಯನ್ನು ಕೇಳಿಸಿದರು, ಒಬ್ಬನೇ ಆಡುವ ಭಾಷಣವನ್ನು ಕೇಳಿಸಿದರು, ಸಂಭಾಷಣೆಯ ಒಂದು ಪಾಲನ್ನಷ್ಟೇ ಕೇಳಿಸಿದರು. ಕೆಲಸ ಕೆಟ್ಟದ್ದು ಕಡೆಯ ಸಂದರ್ಭದಲ್ಲಿ. ಆದ್ದರಿಂದ ಫೋನಿನ ಮಾತು ನಮ್ಮನ್ನು ಕಾಡುವುದು ನಮ್ಮ ಸಿಡುಕಿನಿಂದಲ್ಲ; ಮನುಷ್ಯನ ಬುದ್ಧಿ ಅಪೂರ್ಣವಾದದ್ದನ್ನು ಪೂರ್ಣಗೊಳಿಸದೆ ಸುಮ್ಮನಿರಲಾರದು.

‘ಅದೇ ದನಿಯಲ್ಲಿ’ ಎಂಬ ಮಾತೂ ನಿಜವಲ್ಲ. ಗದ್ದಲದ ನಡುವೆ ಮನುಷ್ಯ ತನಗರಿವಿಲ್ಲದೆಯೇ ದನಿಯೇರಿಸುತ್ತಾನೆ. ಎತಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯ 1911ರಲ್ಲಿ ಇದನ್ನು ವಿವರಿಸಿದ. ಇಂದಿಗೂ ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಎಂಜಿನುಗಳ ಮೊರೆತ ಬಿಡದೆ ತುಂಬಿರುವ ವಿಮಾನದಲ್ಲಿ, ಪಕ್ಕದವನೊಡನೆ ಮಾತಾಡುವಾಗ ನಾವು ತಲೆ ಬಾಗಿಸಿ ಅವನ ಕಿವಿಯ ಬಳಿಗೆ ಹೋಗಬಹುದು. ದೂರದವನ ಕಿವಿಯ ಬಳಿಗೆ ಹೋಗುವುದು ಹೇಗೆ? ದನಿಯೊಂದೇ ದಾರಿ. ಒಂದು ಸಾಲಿಗೆ ಆರರಂತೆ ಸುಮಾರು 180 ಜನರನ್ನು ಕೂರಿಸಿದ ಏರ್‌ಬಸ್ ಎ-320ರಲ್ಲಿ ಮೊಣಕೈಯಿಡುವ ತೋಳನ್ನೇ ಇಬ್ಬರು ಹಂಚಿಕೊಳ್ಳಬೇಕು. ಅಲ್ಲಿ ಒಬ್ಬನ ಏರುದನಿ ಮೂರು ನಾಲ್ಕು ಸಾಲುಗಳ ಪಾಲಿನ ಏರುದನಿ.

ಇಷ್ಟಾದರೂ ಗದ್ದಲವೊಂದೇ ಇದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಗದ್ದಲದಲ್ಲಿ ಹುಟ್ಟಿ ಗದ್ದಲದಲ್ಲಿ ಬೆಳೆದವರು ನಾವು. ಕೂಸಿನ ಅಳು ವಿಮಾನದಲ್ಲಿಯೂ ಕೇಳುತ್ತದೆ, ಅದನ್ನು ಯಾರೂ ನಿಷೇಧಿಸಹೊರಡುವುದಿಲ್ಲ. ನನ್ನ ಆಕ್ಷೇಪಣೆ ಬೇರೆ. ಅದನ್ನು ಹೇಳಲು ಟೆಲಿಫೋನು ವಿರಳವಾಗಿದ್ದ ದಿನಗಳಿಗೆ ಸ್ವಲ್ಪ ಹಿಂತಿರುಗಬೇಕು.

ಬೀದಿಗೊಂದು ಟೆಲಿಫೋನು ಇದ್ದ ಕಾಲ ಅದು. ಕಾಗದದ ತಲೆಯಲ್ಲಿ, ಲಗ್ನಪತ್ರಿಕೆಯ ಕೆಳಗೆ, ವಿಳಾಸದ ಜೊತೆಗೆ ಒಂದು ಸಂಖ್ಯೆಯನ್ನು ಅಚ್ಚು ಹಾಕಿಸಿ, ಅದರ ಮುಂದೆ ‘ಪಿ.ಪಿ.’ ಎಂಬ ಎರಡಕ್ಷರ ಸೇರಿಸುತ್ತಿದ್ದರು. ಸಂಖ್ಯೆ ನಮ್ಮದಲ್ಲ, ಪಕ್ಕದ ಮನೆಯವರದು. ಕರೆದರೆ ಅವರು ನಮ್ಮನ್ನು ಕೂಗಿ ಕರೆಯುತ್ತಾರೆ ಎಂದರ್ಥ. ಕರೆ ಬಂದಿತೆಂದು ಆ ಮನೆಯ ಹುಡುಗ ಓಡಿ ಬರುತ್ತಿದ್ದ. ನಾವು ಮೆಟ್ಟು ಬಿಟ್ಟು ಅವರ ನಡುಮನೆಗೆ ಹೋಗಿ ನಿಂತು ಮಾತಾಡಬೇಕಾಗಿತ್ತು. ಆಗ ಆ ಮನೆಯವರು ಏನು ಮಾಡುತ್ತಿದ್ದರೆಂಬುದನ್ನು ನೋಡಿ. ಯಜಮಾನರು ರೇಡಿಯೋವನ್ನು ತಗ್ಗಿಸಿ, ಮೇಲುವಸ್ತ್ರ ಹೊದ್ದು ಜಗಲಿಗೆ ಹೋಗುತ್ತಿದ್ದರು. ಗೃಹಿಣಿಗೆ ಅಡಿಗೆಮನೆಯಲ್ಲಿ ಏನೋ ನೆನಪಾಗುತ್ತಿತ್ತು. ಮಕ್ಕಳನ್ನು ಕಣ್ಸನ್ನೆಯಿಂದಲೇ ಒಳಕ್ಕೆ ಕಳುಹಿಸುತ್ತಿದ್ದರು. ‘ನೀವು ಮಾತಾಡಿ’ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎದ್ದು ಹೋಗುತ್ತಿದ್ದರು. ಟ್ರಂಕ್ ಕಾಲ್ ಎಂದರೆ ಕೂಗಾಟವೇ. ಆ ಕೂಗು ಜಗಲಿಗೂ ಕೇಳಿಸುತ್ತಿತ್ತೆಂಬುದು ಬೇರೆ ಮಾತು. ಆದರೆ ಕೇಳದವರಂತಿರುವ ಆ ದಾಕ್ಷಿಣ್ಯದ ಮರೆಯಲ್ಲಿ ಎಷ್ಟೋ ಮನೆಗಳ ಸುಖದುಃಖ ಮಾನವಾಗಿ ಉಳಿದುಕೊಂಡಿತು. ಮುಂದೆ ಎಸ್.ಟಿ.ಡಿ. ಅಂಗಡಿಗಳು ಬಂದಾಗ ಬೀದಿಬದಿಯ ಸಣ್ಣ ಅಂಗಡಿಯವನೂ ಮಾತಾಡುವವನಿಗಾಗಿ ಗಾಜಿನ ಒಂದು ಗೂಡು ಕಟ್ಟಿಸಿ ಬಾಗಿಲಿಟ್ಟ. ಟೆಲಿಫೋನಿನ ಮಾತಿಗೂ ಪರರ ಕಿವಿಗೂ ನಡುವೆ ಒಂದು ಮರೆ ಇರಬೇಕೆಂಬುದು ನಾವು ಇಂಗ್ಲಿಷರಿಂದ ಕಲಿತ ಪಾಠವಲ್ಲ. ನಮ್ಮ ಬೀದಿಗಳಲ್ಲಿಯೇ ತಾನಾಗಿ ಬೆಳೆದ ಮರ್ಯಾದೆ.

ಆ ಮರ್ಯಾದೆಯ ಆಧಾರ ಒಂದೇ: ಕೇಳುವವನು ಎದ್ದು ಹೋಗಬಲ್ಲ. ವಿಮಾನದಲ್ಲಿ ಆ ಆಧಾರವೇ ಇಲ್ಲ. ಅಲ್ಲಿ ಜಗಲಿಯಿಲ್ಲ, ಹಿತ್ತಿಲಿಲ್ಲ, ಮುಂದಿನ ನಿಲ್ದಾಣವಿಲ್ಲ. ಸೊಂಟಕ್ಕೆ ಪಟ್ಟಿ ಬಿಗಿದಿರುತ್ತದೆ. ಕೇಳುವವನು ಎದ್ದು ಹೋಗಲಾರನೆಂದ ಮೇಲೆ, ಅವನು ತೋರಬಹುದಾಗಿದ್ದ ಸೌಜನ್ಯವನ್ನು ಮಾತಾಡುವವನೇ ತೋರಬೇಕಲ್ಲದೆ ಬೇರೆ ಗತಿಯಿಲ್ಲ. ಇದೇ ನನ್ನ ವಾದದ ತಿರುಳು.

ಈ ಸೌಜನ್ಯ ಕೇವಲ ಪಕ್ಕದವನ ನಿದ್ದೆಗಾಗಿ ಎಂದು ತಿಳಿಯಬಾರದು. ಟೆಲಿಫೋನಿನ ಪ್ರತಿಯೊಂದು ಮಾತಿನಲ್ಲಿಯೂ ಮೂರನೆಯವನೊಬ್ಬನಿರುತ್ತಾನೆ: ಯಾರ ವಿಷಯವಾಗಿ ಮಾತು ನಡೆಯುತ್ತಿದೆಯೋ ಅವನು. ಕೆಲವು ವರ್ಷಗಳ ಹಿಂದೆ ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಬರುತ್ತಿದ್ದೆ. ಎದುರಿಗಿದ್ದ ವೈದ್ಯರೊಬ್ಬರು ತಮ್ಮ ಸಹೋದ್ಯೋಗಿಯೊಡನೆ ಫೋನಿನಲ್ಲಿ ಒಬ್ಬ ರೋಗಿಯ ಸಂಗತಿ ಚರ್ಚಿಸುತ್ತಿದ್ದರು. ಮಾತಿನಲ್ಲಿ ಕಳಕಳಿಯಿತ್ತು; ವೈದ್ಯರು ಒಳ್ಳೆಯವರೇ ಇರಬೇಕು. ಆದರೆ ರೋಗಿಯ ಹೆಸರು ಬಂದಿತು, ಊರು ಬಂದಿತು, ರೋಗವೂ ಬಂದಿತು. ಕೊನೆಗೆ ‘ಮನೆಯವರಿಗೆ ಇನ್ನೂ ಹೇಳಿಲ್ಲ’ ಎಂಬ ಮಾತೂ ಬಂದಿತು. ಹೆಂಡತಿಗೆ ತಿಳಿಯದಿದ್ದ ಸಂಗತಿ ಇಡೀ ಬೋಗಿಗೆ ತಿಳಿಯಿತು. ಮದ್ದೂರು ಬಂದಾಗ ನಾನು ಎದ್ದು ಹೋಗಿ ಬಾಗಿಲ ಬಳಿ ನಿಂತೆ. ರೈಲಿನಲ್ಲಿ ಅಷ್ಟು ಸ್ವಾತಂತ್ರ್ಯವಿತ್ತು. ಆ ರೋಗಿಯ ಹೆಸರನ್ನು ಮಾತ್ರ ಅಲ್ಲಿಯೇ ಬಿಟ್ಟು ಬರಲಾಗಲಿಲ್ಲ. ಕೇಳದೆಯೇ ಒಬ್ಬನ ಗುಟ್ಟಿಗೆ ನಾನು ಕಾವಲುಗಾರನಾಗಿದ್ದೆ. ಆ ಮನುಷ್ಯನಿಗಾದರೋ, ತನ್ನ ಬದುಕಿನ ಅತ್ಯಂತ ಸೂಕ್ಷ್ಮವಾದ ಸುದ್ದಿ ಅಪರಿಚಿತರ ನಡುವೆ ಬಯಲಾಯಿತೆಂಬುದು ಎಂದಿಗೂ ತಿಳಿಯದು. ಅಧ್ಯಾಪಕರು ವಿದ್ಯಾರ್ಥಿಯ ವಿಷಯ, ಅಧಿಕಾರಿಗಳು ಕೆಳಗಿನವರ ವಿಷಯ, ಬೀಗರು ಬೀಗರ ವಿಷಯ ಮಾತಾಡುವಾಗಲೂ ಹೀಗೆಯೇ. ಬೇಡವೆನ್ನಲು ಅಲ್ಲಿಲ್ಲದ ಆ ಮೂರನೆಯವನ ಪರವಾಗಿ ಬೇಡವೆನ್ನಬೇಕಾದವರು ನಿಯಮ ಮಾಡುವವರು.

ಎರಡನೆಯ ವಾದಕ್ಕೆ ಬರುತ್ತೇನೆ. ಅವಕಾಶವಿರುವ ಕಡೆ ಗದ್ದಲವಾಗಿಲ್ಲ ಎನ್ನುವವರು ದರಪಟ್ಟಿಯನ್ನು ನೋಡಿದಂತಿಲ್ಲ. ಏರ್‌ಫೋನಿನ ಮಾತು ದುಬಾರಿಯಾಗಿತ್ತು. ವಿಮಾನದೊಳಗಿನ ಪುಟ್ಟ ಕೇಂದ್ರದ ಮೂಲಕ ಆಡುವ ಮಾತಿಗೂ ವಿದೇಶ ಸಂಚಾರದ ದರವನ್ನೇ ವಿಧಿಸುತ್ತಿದ್ದರು. ಪ್ರತಿ ನಿಮಿಷಕ್ಕೂ ಜೇಬು ಹಗುರವಾಗುವಾಗ ಮನುಷ್ಯ ಸಹಜವಾಗಿಯೇ ಮಿತಭಾಷಿಯಾಗುತ್ತಾನೆ. ಹಿಂದೆ ತಂತಿ ಕಳುಹಿಸುವಾಗ ಪದಕ್ಕಿಷ್ಟು ಎಂದು ಎಣಿಸಿ ಬರೆಯುತ್ತಿದ್ದಂತೆ. ಅಲ್ಲಿ ಮೌನವನ್ನು ಕಾಪಾಡಿದ್ದು ಬೆಲೆ. ವೈ-ಫೈ ಬಂದ ಮೇಲೆ ಆ ಕಾವಲು ಇರದು. ಸಂಪರ್ಕಕ್ಕೆ ಹಣ ಕೊಟ್ಟವನಿಗೆ, ಅಥವಾ ಪುಕ್ಕಟೆಯಾಗಿ ಪಡೆದವನಿಗೆ, ಒಂದು ನಿಮಿಷದ ಮಾತೂ ಒಂದು ಗಂಟೆಯ ಮಾತೂ ಒಂದೇ. ನಮ್ಮ ದೇಶದಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. 1995ರ ಜುಲೈ 31ರಂದು ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯ ಸುಖರಾಮ್ ಅವರೊಡನೆ ಭಾರತದ ಮೊದಲ ಮೊಬೈಲ್ ಮಾತನ್ನಾಡಿದಾಗ ಅದು ಸಿರಿವಂತರ ವಸ್ತು. ಬೆಲೆ ಇಳಿದ ಮೇಲೆ ನಮ್ಮ ಬಸ್ಸುಗಳೂ ಆಸ್ಪತ್ರೆಯ ಮೊಗಸಾಲೆಗಳೂ ಏನಾದವೆಂಬುದನ್ನು ವಾಚಕರೆಲ್ಲರೂ ಬಲ್ಲರು.

ಮೂರನೆಯ ವಾದ ನನಗೆ ಪ್ರಿಯವಾದದ್ದು. ಅದರಲ್ಲಿ ಅರ್ಧ ಸತ್ಯವಿದೆ. ನಾವು ಮಾತಿನ ಜನವೆಂಬುದು ನಿಜ. ರೈಲಿನಲ್ಲಿ ಎದುರು ಕುಳಿತವರನ್ನು ‘ಯಾವ ಕಡೆಯವರು?’ ಎಂದು ಕೇಳದೆ ಊರು ಮುಟ್ಟಿದರೆ ನಮಗೆ ಪ್ರಯಾಣ ಮಾಡಿದಂತಾಗುವುದಿಲ್ಲ. ಬುತ್ತಿ ಬಿಚ್ಚಿದರೆ ಪಕ್ಕದವರಿಗೆ ಒಂದು ಚಪಾತಿ ಕೊಡದೆ ತಿನ್ನುವುದು ಸಂಕೋಚದ ಸಂಗತಿ. ಇಂಥ ಮಾತು ನಿಲ್ಲಬೇಕೆಂದು ನಾನೆಂದೂ ಹೇಳೆನು. ಆದರೆ ಈ ಮಾತಿನ ಗುಣವನ್ನು ಗಮನಿಸಿ. ಅದು ಪಕ್ಕದಲ್ಲಿರುವವನನ್ನು ಒಳಗೆ ಕರೆದುಕೊಳ್ಳುತ್ತದೆ. ಬೇಡವೆನಿಸಿದರೆ ಅವನು ಕಣ್ಣು ಮುಚ್ಚಿ ಒರಗಬಹುದು, ನಾವು ಸುಮ್ಮನಾಗುತ್ತೇವೆ. ಫೋನಿನ ಮಾತು ಅವನ ಕಿವಿಯನ್ನು ಹಿಡಿದುಕೊಂಡು, ಅವನನ್ನು ಮಾತ್ರ ಹೊರಗೇ ನಿಲ್ಲಿಸುತ್ತದೆ. ಬುತ್ತಿಯ ವಾಸನೆ ಅವನ ಪಾಲಿಗೆ, ಊಟ ದೂರದವನ ಪಾಲಿಗೆ! ಮಾತಿನ ನಾಡಿನ ಹೆಸರು ಹೇಳಿ ಇದನ್ನು ಸಮರ್ಥಿಸುವವರು, ನಮ್ಮ ಪ್ರಯಾಣದ ಹರಟೆಯನ್ನು ಕೊಂದದ್ದು ಯಾವುದೆಂದು ಒಮ್ಮೆ ಯೋಚಿಸಲಿ.

ಇನ್ನು ನಾಲ್ಕನೆಯ ಮಾತು. ಇದನ್ನು ಲಘುವಾಗಿ ಕಾಣುವುದು ಸಾಧ್ಯವಿಲ್ಲ. 2001ರ ಸೆಪ್ಟೆಂಬರ್ 11ರಂದು ಅಪಹೃತವಾದ ಯುನೈಟೆಡ್ 93 ವಿಮಾನದಲ್ಲಿದ್ದವರು ತಮ್ಮವರಿಗೆ ಫೋನು ಮಾಡಿದರು; ಬಹುಪಾಲು ಕರೆಗಳು ಹೋದದ್ದು ವಿಮಾನದ ಏರ್‌ಫೋನುಗಳಿಂದಲೇ. ನ್ಯೂಯಾರ್ಕಿನಲ್ಲಿ ಆಗಲೇ ನಡೆದಿದ್ದ ಅನಾಹುತ ಅವರಿಗೆ ತಿಳಿದದ್ದು ಆ ಮಾತುಗಳಿಂದ. ತಿಳಿದ ಮೇಲೆ ಅವರು ಅಪಹರಣಕಾರರನ್ನು ಎದುರಿಸಿದರು. ವಿಮಾನ ಪೆನ್ಸಿಲ್ವೇನಿಯದ ಶ್ಯಾಂಕ್ಸ್‌ವಿಲ್ ಬಳಿಯ ಬಯಲಿಗೆ ಬಿದ್ದು ಪ್ರಯಾಣಿಕರೂ ಸಿಬ್ಬಂದಿಯೂ ಸೇರಿ 40 ಜನ ಅಸುನೀಗಿದರು. ಆದರೆ ಅದು ಅಪಹರಣಕಾರರು ಉದ್ದೇಶಿಸಿದ್ದ ಗುರಿಯನ್ನು ಮುಟ್ಟಲಿಲ್ಲ. ಮನೆಯವರಿಗೆ ಕೊನೆಯ ಮಾತು ದಕ್ಕಿತು. ವಿಮಾನದಿಂದ ಹೊರಡುವ ದನಿಯನ್ನು ಕುರಿತು ತೀರ್ಪು ಕೊಡುವವರು ಈ ದಿನವನ್ನು ಮರೆಯಲಾಗದು.

ಅಂಥ ಘೋರ ಪ್ರಸಂಗ ಹಾಗಿರಲಿ. ಈಚೆಗೆ ದೆಹಲಿಯಿಂದ ಬೆಂಗಳೂರಿಗೆ ಬರುವಾಗ ನನ್ನ ಪಕ್ಕದಲ್ಲಿ ಧಾರವಾಡದ ಕಡೆಯ ಹೆಣ್ಣುಮಗಳೊಬ್ಬಳು ಕುಳಿತಿದ್ದಳು. ತಂದೆಯನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದ್ದರು. ಶಸ್ತ್ರಚಿಕಿತ್ಸೆಗೆ ಒಯ್ಯುವ ಹೊತ್ತು. ವಿಮಾನದಲ್ಲಿ ವೈ-ಫೈ ಇತ್ತು. ಅಣ್ಣ ಬರೆಯುತ್ತಿದ್ದ, ಇವಳು ಉತ್ತರ ಬರೆಯುತ್ತಿದ್ದಳು. ‘ಅಪ್ಪಾರು ನಿನ್ನ ಕೇಳಾಕತ್ಯಾರ’ ಎಂದು ಅಣ್ಣ ಬರೆದದ್ದನ್ನು ನನಗೆ ತೋರಿಸಿ, ‘ಒಮ್ಮೆ ಅವರ ದನಿ ಕೇಳಿದ್ರ ಸಾಕಿತ್ರಿ ಸರ್’ ಎಂದಳು. ಗಗನಸಖಿಯನ್ನು ಕರೆದು ಕೇಳಿದಳು. ಆಕೆ ಬಹಳ ಮೃದುವಾಗಿ, ಮಾತಾಡಲು ನಿಯಮವಿಲ್ಲವೆಂದಳು. ಆ ನಿಯಮದ ಪಕ್ಷಪಾತಿ ನಾನು. ಆದರೂ ಆ ಗಳಿಗೆಯಲ್ಲಿ ಅದು ನ್ಯಾಯವೆಂದು ನನಗೆ ತೋರಲಿಲ್ಲ, ಈಗಲೂ ತೋರುವುದಿಲ್ಲ. ಬರವಣಿಗೆಯಿಂದ ಸುದ್ದಿ ಮುಟ್ಟುತ್ತದೆ. ದನಿಯಿಂದ ಮುಟ್ಟುವುದು ಬೇರೆ. ವ್ಯಾಪಾರಕ್ಕೆ, ವ್ಯವಹಾರಕ್ಕೆ, ಬೇಸರ ಕಳೆಯುವುದಕ್ಕೆ ಬರವಣಿಗೆ ಧಾರಾಳವಾಗಿ ಸಾಕು. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಲ್ಲಿರುವ ತಂದೆಗೆ ಸಾಲದು.

ಆದರೆ ಒಂದು ವಿಚಾರ. ಅವಳಿಗೆ ಬೇಕಾಗಿದ್ದುದು 180 ಜನರಿಗೂ ಮಾತಾಡುವ ಸ್ವಾತಂತ್ರ್ಯವಲ್ಲ. ಅವಳಿಗೊಂದು ಮರೆ, ಐದು ನಿಮಿಷ. ಎಲ್ಲರೂ ಮಾತಾಡುತ್ತಿರುವ ವಿಮಾನದಲ್ಲಿ ಅವಳ ಮಾತಿಗೆ ಆ ಮರೆಯೂ ದೊರೆಯುತ್ತಿರಲಿಲ್ಲ. ಒಂದು ಕಡೆ ಸಿಮೆಂಟಿನ ದರ, ಇನ್ನೊಂದು ಕಡೆ ಸಿನಿಮಾದ ಕಥೆ, ನಡುವೆ ಅವಳ ಅಳು. ನಿಷೇಧವಿದ್ದಾಗಲೇ ವಿನಾಯಿತಿಗೆ ಬೆಲೆ. ಆದ್ದರಿಂದ ನನ್ನ ಸೂಚನೆ ಇದು. ವಿಮಾನದ ಹಿಂಬದಿಯಲ್ಲಿ, ಪರಿಚಾರಕರು ಊಟ ಅಣಿಮಾಡುವ ಜಾಗಕ್ಕೆ ಒಂದು ಪರದೆ ಇರುತ್ತದೆ. ಸಾವು, ಕಾಯಿಲೆ, ಅಪಘಾತಗಳಂಥ ಸಂದರ್ಭದಲ್ಲಿ, ವಿಮಾನದ ನಾಯಕನ ಅಪ್ಪಣೆ ಪಡೆದು, ಏರಿಳಿಯುವ ವೇಳೆಯನ್ನು ಬಿಟ್ಟು, ಆ ಪರದೆಯ ಹಿಂದೆ ನಿಂತು ಕೆಲವು ನಿಮಿಷ ಮಾತಾಡಲು ಅವಕಾಶವಿರಲಿ. ಸುಳ್ಳು ಹೇಳಿ ಹೋಗುವವರು ಇರುವುದಿಲ್ಲವೇ ಎಂದರೆ, ಇರುತ್ತಾರೆ. ತಂದೆಯ ಕಾಯಿಲೆಯ ಸುಳ್ಳು ಹೇಳಿ ಒಬ್ಬಿಬ್ಬರು ಷೇರಿನ ದರ ಕೇಳಿದರೆಂದು ನಿಜವಾದ ಮಗಳಿಗೆ ಬಾಗಿಲು ಮುಚ್ಚುವುದು ತಕ್ಕದ್ದಲ್ಲ.

ಇದನ್ನೆಲ್ಲ ನಿಯಮದಿಂದಲೇ ಏಕೆ ಮಾಡಬೇಕು, ಜನರ ಸಭ್ಯತೆಗೆ ಬಿಡಬಾರದೇ ಎನ್ನುವವರಿದ್ದಾರೆ. ಸಭ್ಯತೆಗೆ ಬಿಟ್ಟುದರ ಫಲವನ್ನು ನೆಲದ ಮೇಲೆ ಕಂಡಿದ್ದೇವೆ. ಉಚ್ಚ ನ್ಯಾಯಾಲಯದ ಮಾತಿನ ಮೇಲೆ 2021ರ ನವೆಂಬರಿನಲ್ಲಿ ನಮ್ಮ ರಾಜ್ಯದ ರಸ್ತೆ ಸಾರಿಗೆ ನಿಗಮವು ಬಸ್ಸಿನಲ್ಲಿ ಮೊಬೈಲಿನಿಂದ ಗಟ್ಟಿಯಾಗಿ ಹಾಡು ಹಾಕುವುದನ್ನು ನಿಷೇಧಿಸಬೇಕಾಯಿತು. 2022ರ ಜನವರಿಯಲ್ಲಿ ರೈಲ್ವೆ ಇಲಾಖೆ ರಾತ್ರಿ 10 ಗಂಟೆಯ ಮೇಲೆ ಫೋನಿನಲ್ಲಿ ಗಟ್ಟಿಯಾಗಿ ಮಾತಾಡಕೂಡದೆಂದು ಸೂಚನೆ ಹೊರಡಿಸಬೇಕಾಯಿತು. ಎರಡೂ ರೋಗ ಹರಡಿದ ಮೇಲೆ ಕೊಟ್ಟ ಔಷಧ. ವಿಮಾನದಲ್ಲಿ ನಿಯಮವಿಲ್ಲದಿದ್ದರೆ ಕಷ್ಟಕ್ಕೆ ಸಿಕ್ಕುವವರು ಪರಿಚಾರಕರು. ಇವರ ದನಿ ತಗ್ಗಿಸಿರಿ, ಅವರ ಜಗಳ ಬಿಡಿಸಿರಿ ಎಂದು ಮೂವತ್ತು ಸಾಲುಗಳ ನಡುವೆ ನಾಲ್ಕೈದು ಜನ ಓಡಾಡುವಂತಾದರೆ, ಅವರ ನಿಜವಾದ ಕೆಲಸವಾದ ಪ್ರಯಾಣಿಕರ ರಕ್ಷಣೆಗೆ ಗಮನವೆಲ್ಲಿ ಉಳಿದೀತು?

ವಿಮಾನದಲ್ಲಿ ಹಿಂದೆ ಧೂಮಪಾನಕ್ಕೂ ಅವಕಾಶವಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳು ನಂಬಲಾರರು. ಸೇದುವವರ ಸಾಲುಗಳು ಬೇರೆ, ಸೇದದವರ ಸಾಲುಗಳು ಬೇರೆ ಎಂದು ವಿಂಗಡಿಸಿದ್ದರು. ಹೊಗೆಗೆ ಆ ವಿಂಗಡಣೆ ತಿಳಿಯುತ್ತಿರಲಿಲ್ಲ. ಅಮೆರಿಕದಲ್ಲಿ 1988ರಲ್ಲಿ ಎರಡು ಗಂಟೆಯೊಳಗಿನ ಪ್ರಯಾಣಗಳಲ್ಲಿ ಅದನ್ನು ನಿಲ್ಲಿಸಿದರು. 1990ರಲ್ಲಿ ದೇಶದೊಳಗಿನ ಹೆಚ್ಚು ಕಡಿಮೆ ಎಲ್ಲ ಪ್ರಯಾಣಗಳಲ್ಲಿ. ತಮ್ಮ ದೇಶಕ್ಕೆ ಬಂದುಹೋಗುವ ಎಲ್ಲ ವಿಮಾನಗಳಲ್ಲಿಯೂ ನಿಲ್ಲಿಸುವ ಹೊತ್ತಿಗೆ 2000ನೆಯ ಇಸವಿ ಬಂದಿತ್ತು. ಒಮ್ಮೆ ಹಕ್ಕೆನಿಸಿಕೊಂಡ ಅಭ್ಯಾಸವನ್ನು ಹಿಂದಕ್ಕೆ ಪಡೆಯಲು ಹನ್ನೆರಡು ವರ್ಷ ಬೇಕಾಯಿತು. ಮಾತು ಹೊಗೆಯಂತೆ ಶ್ವಾಸಕೋಶವನ್ನು ಕೆಡಿಸದೆಂಬುದು ನಿಜ. ಆದರೆ ಮುಚ್ಚಿದ ಒಂದೇ ಕೋಣೆಯನ್ನು ಎಲ್ಲರೂ ಹಂಚಿಕೊಳ್ಳಬೇಕೆಂಬ ನ್ಯಾಯ ಎರಡಕ್ಕೂ ಒಂದೇ.

ನಮ್ಮ ವಿಮಾನಗಳಲ್ಲಿ ವೈ-ಫೈ ಇನ್ನೂ ಎಲ್ಲೆಡೆ ಹರಡಿಲ್ಲ. ಬರೆಯಬಹುದು, ಓದಬಹುದು, ಮಾತಾಡಕೂಡದು, ಆಪತ್ತಿನಲ್ಲಿ ಅಪ್ಪಣೆ ಕೇಳಬಹುದು ಎಂಬ ನಾಲ್ಕು ಮಾತನ್ನು ವಿಮಾನ ಸಂಸ್ಥೆಗಳು ಈಗಲೇ ಟಿಕೆಟ್ಟಿನ ಮೇಲೆ ಅಚ್ಚು ಹಾಕಿಸಿದರೆ ಯಾರಿಗೂ ನಷ್ಟವಿಲ್ಲ. ಇಲ್ಲದ ಅಭ್ಯಾಸವನ್ನು ಯಾರೂ ಕಳೆದುಕೊಳ್ಳಬೇಕಾಗಿಲ್ಲ. ಸರ್ಕಾರದ ನಿಯಮವೂ ಮಾತಿನ ಮಟ್ಟಿಗೆ ಅದಕ್ಕೆ ತಕ್ಕಂತೆ ತಿದ್ದುಪಡಿಯಾಗಲಿ. ಎರಡೂವರೆ ಮೂರು ಗಂಟೆ ಮೌನವಾಗಿ ಕುಳಿತಿರುವುದು ಕಷ್ಟವೆನ್ನುವವರಿಗೆ ಪಕ್ಕದಲ್ಲೊಬ್ಬ ಮನುಷ್ಯನಿದ್ದಾನೆ. ಅವನನ್ನು ಯಾವ ಊರೆಂದು ಕೇಳಲು ಯಾವ ನಿಯಮವೂ ಅಡ್ಡ ಬರುವುದಿಲ್ಲ.